ಎಡಗೈಯ ಬನ್ನಿ

ಮನುಷ್ಯನ ಮೈಯಲ್ಲಿ ದೇವರು ಅವಸರದಲ್ಲಿ ಮುಗಿಸಿದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಭುಜವನ್ನು ತೋರಿಸುತ್ತೇನೆ. ಸೊಂಟದ ಕೀಲನ್ನು ನೋಡಿ, ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ಭದ್ರ. ಭುಜ ಹಾಗಲ್ಲ. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಿದ್ದೆವಲ್ಲ, ಅಷ್ಟೇ ಅದರ ಆಧಾರ. ತೋಳಿನ ಎಲುಬಿನ ಗುಂಡು ಒಂದು ಪುಟ್ಟ ತಟ್ಟೆಗೆ ಆತು ನಿಂತಿರುತ್ತದೆ. ಸುತ್ತಲಿನ ಪೊರೆ, ನಾರು, ಸ್ನಾಯುಗಳೆಲ್ಲ ಸೇರಿ ಅದನ್ನು ಬೀಳದಂತೆ ಹಿಡಿದಿರುತ್ತವೆ. ಒಮ್ಮೆ ಆ ತಟ್ಟೆಯ ಅಂಚು ಹರಿದು ಗುಂಡು ಜಾರಿತೆಂದರೆ ಮುಂದೆ ಜಾರಲಿಕ್ಕೆ ಅದಕ್ಕೆ ಒಂದು ನೆಪ ಸಾಕು. ಸೀನಿದ್ದಕ್ಕೆ ಜಾರಿದ ಭುಜಗಳನ್ನೂ ನಾನು ಕಂಡಿದ್ದೇನೆ.

ನನ್ನ ಹೆಸರು ವತ್ಸಲಾ ಬಡಿಗೇರ. ನಮ್ಮ ಅಜ್ಜ ಊರ ಬಾಗಿಲುಗಳಿಗೆ ಬಿಜಾಗರಿ ಕೂಡಿಸುತ್ತಿದ್ದ. ನಾನು ಧಾರವಾಡದ ಒಂದು ಕೀಲು ಸಂಶೋಧನಾಲಯದಲ್ಲಿ ಫಿಸಿಯೋಥೆರಪಿಸ್ಟ್. ಮನೆತನದ ಕಸುಬು ಬಿಟ್ಟಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.

ಭುಜವೇ ಕಲಿಯುವಂತಿದ್ದರೆ ಹೇಗೆ ಎಂಬ ಒಂದು ಪ್ರಶ್ನೆಯಿಂದ ನಮ್ಮ ಸಂಶೋಧನಾಲಯ ಹುಟ್ಟಿತು. ಉತ್ತರವಾಗಿ ಸಿಕ್ಕಿದ್ದು ಕಲಿಪೊರೆ. ರೇಷ್ಮೆ ನೂಲಿನ ಜಾಲರಿಯ ಮೇಲೆ ರೋಗಿಯದೇ ಜೀವಕೋಶಗಳನ್ನು ಬೆಳೆಸಿ ಮಾಡಿದ, ಹೆಬ್ಬೆರಳಗಲದ ಪೊರೆ ಅದು. ಹರಿದ ಅಂಚಿನ ಜಾಗದಲ್ಲಿ ಹೊಲಿದರೆ ಸುಮ್ಮನೆ ಅಂಟಿಕೊಂಡು ಕೂರುವುದಿಲ್ಲ, ತೋಳನ್ನು ಗಮನಿಸುತ್ತದೆ. ತೋಳು ನಿರಾಳವಾಗಿ ಸಾಗಿದ ದಾರಿಯಲ್ಲಿ ತಾನೂ ಸಡಿಲವಾಗುತ್ತದೆ. ಸ್ನಾಯುಗಳು ಹೆದರಿ ಬಿಗಿದುಕೊಂಡ ದಾರಿಯಲ್ಲಿ ತಾನೂ ಬಿಗಿದುಕೊಂಡು, ಇಲ್ಲಿ ಏನೋ ಅಪಾಯವಿದೆ ಎಂದು ಗುರುತಿಟ್ಟುಕೊಳ್ಳುತ್ತದೆ. ಹೊಲಿದ ಮೇಲೆ ಸುಮಾರು ಎರಡು ತಿಂಗಳು ಅದು ಹಸಿ. ಆಮೇಲೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತದೆ. ಕಲಿತದ್ದು ಜೀವಮಾನಕ್ಕೆ ನಿಲ್ಲುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆಯನ್ನು ನಾವು ಭುಜದೊಳಗೇ ಹೊಲಿದುಬಿಟ್ಟಿದ್ದೆವು.

ನೀಲಾಂಬಿಕಾ ನಮ್ಮಲ್ಲಿಗೆ ಬಂದದ್ದು ಶ್ರಾವಣದಲ್ಲಿ, ಎಡಗೈಯನ್ನು ಓಢಣಿಯಲ್ಲಿ ಜೋಳಿಗೆ ಕಟ್ಟಿಕೊಂಡು. ದಾಂಡೇಲಿಯ ಹುಡುಗಿ. ಕಾಳಿ ನದಿಯಲ್ಲಿ ರಾಫ್ಟ್ ನಡೆಸುವವಳು. ಗಾಳಿ ತುಂಬಿದ ಆ ರಬ್ಬರ್ ದೋಣಿಯ ಹಿಂದುಗಡೆ ಕೂತು ಹುಟ್ಟು ಹಾಕುತ್ತ, ಪ್ರವಾಸಿಗರನ್ನು ಬಂಡೆಗಳ ನಡುವೆ ಹೊಟ್ಟೆ ತುಂಬ ಕಿರುಚಿಸಿ, ಕ್ಷೇಮವಾಗಿ ದಡ ಮುಟ್ಟಿಸುವುದು ಅವಳ ಕೆಲಸ. ಹುಟ್ಟಾ ಎಡಚಿ.

"ಎಷ್ಟ್ ಸಲ ಜಾರೇತಿ?" ಎಂದು ಕೇಳಿದೆ.

"ನಾಕ್ ಸಲ್ರಿ. ಮೊದಲನೇ ಸಲ ಅತ್ತೆ. ನಾಕನೇ ಸಲ ನಾನಽ ಕುಂಡ್ರಿಸಿಕೊಂಡೆ."

"ಹೋದ ಸಲ ಹೆಂಗಾತು?"

"ಬ್ಯಾಂಕ್ ಮ್ಯಾನೇಜರ್ ಒಬ್ಬಾಂವ ನೀರಾಗ ಬಿದ್ದಿದ್ದ್ರಿ. ಮೈಯಾಗ ಎರಡ್ ಆಳಿನಷ್ಟ್ ಇದ್ದ. ಎಡಗೈ ಚಾಚಿ ಜಾಕೀಟ್ ಹಿಡದೆ. ಅವ ಮ್ಯಾಲೆ ಬಂದ, ನನ್ನ ಭುಜ ಕೆಳಗ ಹೋತು."

ಹೇಳುವಾಗ ನಗುತ್ತಿದ್ದಳು. ಮುಂದಿನ ಮಾತಿಗೆ ನಗು ಇರಲಿಲ್ಲ. ಕಾರ್ತಿಕದಲ್ಲಿ ಹಂಗಾಮು ಶುರುವಾಗುವ ಮುಂಚೆ ರಾಫ್ಟಿನವರಿಗೆಲ್ಲ ಪರೀಕ್ಷೆ. ಅಧಿಕಾರಿಗಳ ಕಣ್ಣೆದುರು, ನೀರಿನಲ್ಲಿರುವ ಮನುಷ್ಯನೊಬ್ಬನನ್ನು ಒಂದೇ ಕೈಯಿಂದ ಎತ್ತಿ ದೋಣಿಗೆ ಹಾಕಿಕೊಳ್ಳಬೇಕು. ಆಗಲಿಲ್ಲವೆಂದರೆ ಪರವಾನಗಿ ಹೋಯಿತು.

"ಆಗಲಿಲ್ಲಂದ್ರ ದಂಡೀಮ್ಯಾಲ ಕುಂತು ಟಿಕೀಟ್ ಹರೀಬೇಕ್ರಿ. ಮಂದಿ ನದಿಗೆ ಹೋಗೂದು ನೋಡಕೋತ ನಾ ಟಿಕೀಟ್ ಹರೀಲ್ಯಾ? ಅದೊಂದ ಬ್ಯಾಡ್ರಿ," ಎಂದಳು.

ಶಸ್ತ್ರಕ್ರಿಯೆ ಮಾಡಿದವರು ಡಾಕ್ಟರ್ ಪ್ರಭಂಜನ ದೇಸಾಯಿ. ಕೈ ಬೆಣ್ಣೆ, ಬಾಯಿ ಮೆಣಸಿನಕಾಯಿ. ಚಷ್ಮಾ ಹಣೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವ ಮನುಷ್ಯ, ಆದರೆ ಕೀಲಿನೊಳಗೆ ಕಾಣದ ನಾರು ಅವರಿಗೆ ಯಾವುದೂ ಇಲ್ಲ. ಭುಜಕ್ಕೆ ಸಣ್ಣ ಸಣ್ಣ ತೂತು ಹಾಕಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಉಳಿದವುಗಳಿಂದ ಸೂಜಿ ಆಡಿಸಿದರು. ಪರದೆಯ ಮೇಲೆ ತಟ್ಟೆಯ ಮುಂಭಾಗದ ಅಂಚು ಹಳೆಯ ಚಾಪೆಯ ಹಾಗೆ ಎಳೆ ಎಳೆ ಬಿಟ್ಟುಕೊಂಡಿತ್ತು. ಅದನ್ನು ಒಪ್ಪಗೊಳಿಸಿ, ಎಲುಬಿಗೆ ಮೊಳೆ ಹಾಕಿ, ಕಲಿಪೊರೆಯನ್ನು ಹೊಲಿದು ಕೂಡಿಸಿದರು. ಹೊರಗಡೆ ಚರ್ಮದ ಮೇಲೆ ಕಡಲೆಕಾಳಿನಷ್ಟು ಒಂದು ಬಿಲ್ಲೆ ಅಂಟಿಸಿದೆವು. ಪೊರೆ ಬಿಗಿಯುವುದು, ಸಡಿಲುವುದು ಎಲ್ಲವನ್ನೂ ಅದು ಧಾರವಾಡಕ್ಕೆ ಕಳಿಸುತ್ತದೆ. ನಮ್ಮ ಕೋಣೆಯ ಗೋಡೆಯ ಮೇಲೆ ಒಂದೊಂದು ಭುಜಕ್ಕೆ ಒಂದೊಂದು ಗೆರೆ ಹರಿಯುತ್ತಿರುತ್ತದೆ, ಬೇಕೆಂದರೆ ನಮ್ಮ ಫೋನಿನಲ್ಲೂ ನೋಡಬಹುದು.

ಎಚ್ಚರವಾದ ಮೇಲೆ ದೇಸಾಯಿಯವರು ಅವಳಿಗೆ ಹೇಳಿದರು: "ಇಲ್ಲೆ ಕೇಳವಾ. ದಸರಾ ತನಕಾ ನೀ ಏನು ಖುಷೀಲೆ ಮಾಡ್ತಿ, ಅದನ್ನ ಈ ಪೊರೆ ಸಾಯೂತನಾ ಕಾಯ್ತದ. ಹೆದರಿಕೋತ ಮಾಡಿದ್ದನ್ನ ಸಾಯೂತನಾ ತಡೀತದ. ಆಮೇಲೆ ನನ್ನ ಕಡೆ ಬಂದು ಅತ್ತರ ಉಪಯೋಗಿಲ್ಲ."

ನೀಲಾಳ ತಂದೆ ತಾಯಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದರು. ಅವಳು ಚಿಕ್ಕಂದಿನಿಂದ ದಾಂಡೇಲಿಯ ಗಿರಣಿ ಚಾಳಿನಲ್ಲಿ ಅಜ್ಜಿ ಬಸಲಿಂಗವ್ವನ ಹತ್ತಿರವೇ ಬೆಳೆದವಳು. ಚಾಳಿನವರೆಲ್ಲ ಆ ಮುದುಕಿಯನ್ನು ಆಯಿ ಎನ್ನುತ್ತಿದ್ದರು, ನಾನೂ ಅಂದೆ. ವಾರಕ್ಕೊಮ್ಮೆ ನಾನು ಹೋಗಿ ವ್ಯಾಯಾಮ ಹೇಳಿಕೊಡಬೇಕು. ಮೊದಲ ದಿನವೇ ಆಯಿ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡಿದರು.

"ಏನವ್ವಾ, ನಮ್ಮ ಕೂಸಿನ ಮೈಯಾಗ ಅದೇನೋ ಮಿಶೀನ್ ಹೊಲದೀರಂತ?"

"ಮಿಶೀನ್ ಅಲ್ರಿ ಆಯೀ, ಪೊರಿ. ನೀಲಾ ಮಾಡೂದು ನೋಡಿ ನೋಡಿ ಕಲೀತೈತಿ."

"ಅಂದ್ರ ಹೊಸಾ ಸೊಸಿ ಇದ್ದಂಗ."

"ಹಂಗಽ ಅನ್ರಿ. ಆದ್ರ ಎರಡ ತಿಂಗಳಾದ ಮ್ಯಾಲ ಅತ್ತಿ ಆಕ್ಕೈತಿ. ಆಮ್ಯಾಲ ಯಾರ ಮಾತೂ ಕೇಳೂದಿಲ್ಲ."

ಆಯಿ ಬಾಯಿಗೆ ಸೆರಗು ಹಚ್ಚಿ ನಕ್ಕರು. ಆ ನಗುವಿನಿಂದ ನನಗೆ ಆ ಮನೆಯಲ್ಲಿ ಊಟದ ಹಕ್ಕು ಸಿಕ್ಕಿತು.

ಮೊದಮೊದಲು ಕೆಲಸ ಸುಲಭ. ಮುಂದಕ್ಕೆ ಬಾಗಿ, ಎಡತೋಳನ್ನು ಇಳಿಬಿಟ್ಟು ಸಣ್ಣ ಸಣ್ಣ ಸುತ್ತು ಹಾಕಿಸುವುದು. "ಬೀಸೂ ಕಲ್ಲ ತಿರುವಿದಂಗ ತಿರುವು," ಎಂದು ಆಯಿ ಪಕ್ಕದಲ್ಲಿ ಕೂತು ಮೇಲ್ವಿಚಾರಣೆ ಮಾಡುತ್ತಿದ್ದರು. ಆಮೇಲೆ ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಹತ್ತಿಸುವುದು, ಗಣಪತಿ ಹಬ್ಬದ ಹೊತ್ತಿಗೆ ತಲೆ ಬಾಚಿಕೊಳ್ಳುವುದು, ಬಟ್ಟೆ ಒಣಹಾಕುವುದು, ಖಾಲಿ ಹುಟ್ಟನ್ನು ಗಾಳಿಯಲ್ಲಿ ಆಡಿಸುವುದು. ಆ ಹುಡುಗಿ ಹುಟ್ಟು ಹಿಡಿದಳೆಂದರೆ ಅಂಗಳದಲ್ಲೇ ಹೊಳೆ ಹರಿಯುವಂತೆ ಕಾಣುತ್ತಿತ್ತು. ಧಾರವಾಡದ ಗೋಡೆಯ ಮೇಲೆ ಅವಳ ಗೆರೆ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಓಡಿತು.

ಮಧ್ಯಾಹ್ನ ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಹುಣ್ಣಿಮೆ ಚಂದ್ರನಂಥ ರೊಟ್ಟಿ, ಎಣಗಾಯಿ ಪಲ್ಯ, ಗುರೆಳ್ಳು ಹಿಂಡಿ. ಇವರ ರೊಟ್ಟಿ ಕಲ್ಲಿನ ಮೇಲೆ ನಮ್ಮ ಅವ್ವನ ರೊಟ್ಟಿಗಿಂತ ಉಲ್ಟಾ ತಿರುಗುತ್ತದಲ್ಲ ಎಂದು ಒಂದು ದಿನ ಅನ್ನಿಸಿತು. ಆದರೆ ತಟ್ಟೆಯಲ್ಲಿ ಬಿಸಿ ರೊಟ್ಟಿ ಬಿದ್ದಾಗ ವಿಚಾರ ಮಾಡುವ ಜಾಣರು ನಾವಲ್ಲ.

ಭಾದ್ರಪದ ಮುಗಿಯುತ್ತ ಬಂದಾಗ ಗೋಡೆಯ ಮೇಲೆ ಗಂಟು ಕಾಣಿಸಿತು.

ನುಣ್ಣಗೆ ಓಡುತ್ತಿದ್ದ ಗೆರೆ ತೋಳು ಮುಂದಕ್ಕೆ ಅರ್ಧ ಚಾಚಿದಾಗ ತಟಕ್ಕನೆ ನಿಲ್ಲುತ್ತಿತ್ತು. ಒಂದು ಸಣ್ಣ ಗಂಟು ಬಿದ್ದು, ಕೈ ಹಿಂದೆ ಸರಿಯುತ್ತಿತ್ತು. ಯಾವಾಗಲೂ ಅಲ್ಲ. ಬಟ್ಟೆ ಒಣಹಾಕುವಾಗ ಇಲ್ಲ, ಹುಟ್ಟು ಹಾಕುವಾಗ ಇಲ್ಲ. ದಿನದಲ್ಲಿ ಒಂದಷ್ಟು ಸಲ ಮಾತ್ರ, ಅದೂ ಮನೆಯಲ್ಲಿ. ಮೊದಲು ಸಣ್ಣದಿತ್ತು, ದಿನದಿಂದ ದಿನಕ್ಕೆ ದಪ್ಪವಾಗತೊಡಗಿತು. ಪೊರೆ ಏನನ್ನೋ ತಪ್ಪಾಗಿ ಕಲಿಯುತ್ತಿತ್ತು, ಚೆನ್ನಾಗಿಯೇ ಕಲಿಯುತ್ತಿತ್ತು.

"ಒಂದ ಹೊಲಿಗಿ ಎಲ್ಲೋ ಸಿಕ್ಕೊಂಡದ. ಮತ್ತ ತೂತು ಹಾಕಿ ನೋಡೂಣ," ಎಂದರು ದೇಸಾಯಿ.

"ಹೊಲಿಗಿ ಸಿಕ್ಕೊಂಡಿದ್ರ ದಿನಪೂರ್ತಿ ಸಿಕ್ಕೋಬೇಕಲ್ರಿ ಸರ್. ಹೊತ್ತು ಗೊತ್ತು ನೋಡಿ ಸಿಕ್ಕೊಳ್ಳೂ ಹೊಲಿಗಿ ನಾ ಕಂಡಿಲ್ಲ," ಎಂದೆ. ಇನ್ನೊಮ್ಮೆ ಭುಜ ತೆರೆದರೆ ಕಲಿತದ್ದೆಲ್ಲ ಅಳಿಸಿಹೋಗಿ ಈ ಹಂಗಾಮಿನ ಪರೀಕ್ಷೆ ಕೈಬಿಟ್ಟ ಹಾಗೆಯೇ. ನೀಲಾಳನ್ನು ಧಾರವಾಡಕ್ಕೆ ಕರೆಸಿದೆವು.

ನಮ್ಮಲ್ಲಿ ಮರಳು ತುಂಬಿದ ಒಂದು ಗೊಂಬೆಯಿದೆ. ನೀಲಾ ಅದಕ್ಕೆ ಬ್ಯಾಂಕಿನವ ಎಂದು ಹೆಸರಿಟ್ಟಿದ್ದಳು. ನೆಲದ ಮೇಲೆ ಬಿದ್ದಿದ್ದ ಬ್ಯಾಂಕಿನವನ ಜಾಕೀಟನ್ನು ಎಡಗೈ ಚಾಚಿ ಹಿಡಿದಳು. ಗಂಟಿಲ್ಲ. ಹಗ್ಗ ಹಿಡಿದಳು, ಕೊಡ ಎತ್ತಿದಳು, ಕಪಾಟಿನ ಮೇಲಿನ ಡಬ್ಬಿ ಇಳಿಸಿದಳು. ಗೆರೆ ನುಣ್ಣಗೆ. ದೇಸಾಯಿಯವರು ತಲೆ ಕೆರೆದುಕೊಂಡು, ಹಣೆ ತಡವಿ, "ನನ್ನ ಚಷ್ಮಾ ಎಲ್ಲದ?" ಎಂದರು. ಆ ದಿನ ಅದು ನಿಜಕ್ಕೂ ಹಣೆಯ ಮೇಲಿರಲಿಲ್ಲ, ನೀಲಾಳ ಎಡಕ್ಕೆ ಮೇಜಿನ ಮೇಲಿತ್ತು. ಅವಳು ಎಡಗೈಯಿಂದ ತೆಗೆದುಕೊಂಡು ಅವರತ್ತ ಚಾಚಿದಳು.

ತಟಕ್. ಗೋಡೆಯ ಮೇಲೆ ಗಂಟು.

ಅಷ್ಟರಲ್ಲಿ ಚಷ್ಮಾ ಬಲಗೈಗೆ ಹೋಗಿತ್ತು. ಬಲಗೈಯನ್ನು ಮುಂದೆ ಮಾಡಿ ವಿನಯದಿಂದ ಕೊಟ್ಟಳು.

"ನೀಲಾ, ಕೈ ಯಾಕ ಬದಲಿಸಿದಿ?" ಎಂದು ಕೇಳಿದೆ.

"ಬದಲಿಸಿದೆನ್ಯಾ?" ಅವಳಿಗೇ ಗೊತ್ತಿರಲಿಲ್ಲ. "ದೊಡ್ಡವರಿಗೆ ಎಡಗೈಲೆ ಹೆಂಗ ಕೊಡ್ಲಿರಿ?"

"ನೀರಾಗ ಬಿದ್ದವರಿಗೆ ಕೊಡತಿಯಲ್ಲ?"

"ಅಲ್ಲೆ ಕೊಡಬೇಕಲ್ರಿ, ಬಲ ಅದರಾಗಽ ಐತಿ." ಸ್ವಲ್ಪ ತಡೆದು ಹೇಳಿದಳು. "ಕೊಡೂವಾಗ ಒಮ್ಮೆ ಮನಸಿನಾಗ ತಪ್ಪಾತ್ರಿ ಅಂತೀನಿ."

ದೇಸಾಯಿಯವರು ಕುರ್ಚಿಯಲ್ಲಿ ಕೂತೇಬಿಟ್ಟರು. ಭುಜ ನಾಲ್ಕು ಸಲ ಏಕೆ ಜಾರಿತು ಎನ್ನುವುದು ಇಬ್ಬರಿಗೂ ಒಮ್ಮೆಲೇ ಹೊಳೆದಿತ್ತು. ಮುಳುಗುವವನತ್ತ ತೋಳು ಚಾಚುತ್ತದೆ. ಚಾಚುತ್ತಿರುವಾಗಲೇ ಅರ್ಧ ಸ್ನಾಯುಗಳು, ಛೇ ಎಡಗೈ, ಎಂದು ಹಿಂದೆಳೆಯುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆ ಜಗ್ಗಾಟದ ನಡುವೆ ಮ್ಯಾನೇಜರನ ಭಾರ ಬಿದ್ದರೆ ಚಮಚದ ಮೇಲಿನ ನಿಂಬೆಹಣ್ಣು ಉಳಿದೀತೇ?

ನಗು ಬರುವ ಸಂಗತಿ ಇನ್ನೊಂದಿತ್ತು. ಹೊಲಿಯುವ ಮುಂಚೆ ಪೊರೆಗೆ ಮೊದಲ ಪಾಠ ಹೇಳಿಕೊಡಲು ನಾವು ಧಾರವಾಡದ ನೂರಾರು ಮನೆಗಳಲ್ಲಿ ಜನರ ಕೈ ಓಡಾಟವನ್ನು ಚಿತ್ರಿಸಿಕೊಂಡಿದ್ದೆವು. ಎಲ್ಲ ಮರ್ಯಾದಸ್ಥರ ಮನೆಗಳು. ಅಲ್ಲಿ ಯಾರೂ ಯಾರಿಗೂ ಎಡಗೈಯಲ್ಲಿ ಏನೂ ಕೊಟ್ಟಿರಲಿಲ್ಲ. ಚಿತ್ರಿಸಿಕೊಂಡ ನಮಗೂ ಅದು ಕೊರತೆ ಎನ್ನಿಸಿರಲಿಲ್ಲ. ಎಡಗೈಯನ್ನು ಮನುಷ್ಯರತ್ತ ಚಾಚುವ ದಾರಿ ಎಂಬುದೊಂದು ಲೋಕದಲ್ಲಿದೆ ಎಂದು ನಮ್ಮ ಪೊರೆಗೆ ಗೊತ್ತೇ ಇರಲಿಲ್ಲ.

"ಇಷ್ಟ ಓದಿ ಇಷ್ಟ ಮಂದಿ ಕೂಡಿ ಮಾಡಿದ್ದು! ನಮ್ಮವ್ವ ಹೇಳಿಕೊಟ್ಟದ್ದನ್ನಽ ಪೊರೆಗೂ ಹೇಳಿಕೊಟ್ಟೇವಿ," ಎಂದು ದೇಸಾಯಿ ಹಣೆ ಚಚ್ಚಿಕೊಂಡರು. ದಸರೆಗೆ ಎರಡು ವಾರ ಕೂಡ ಉಳಿದಿರಲಿಲ್ಲ.

ಮರುದಿನ ನೀಲಾಳ ಜೊತೆ ನಾನೂ ದಾಂಡೇಲಿಗೆ ಹೋದೆ. ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಆದರೆ ಹೇಳುವ ಪ್ರಸಂಗವೇ ಬರಲಿಲ್ಲ. ನೀಲಾ ಚಹಾ ತಂದು, ಇನ್ನು ಎಡಗೈಯಲ್ಲೇ ಕೊಡು ಎಂಬ ನನ್ನ ಪಾಠ ನೆನಪಿಟ್ಟುಕೊಂಡು, ಎಡಗೈಯಲ್ಲಿ ಆಯಿಗೆ ಚಾಚಿದಳು.

"ಚ್ಚ್," ಎಂದರು ಆಯಿ.

ನಾಲಿಗೆಯ ತುದಿಯಿಂದ ಬಂದ ಸಣ್ಣ ಸಪ್ಪಳ. ಕೋಪವೂ ಇಲ್ಲ, ಬೈಗುಳವೂ ಇಲ್ಲ. ಕೋಳಿ ಓಡಿಸುವಾಗ ಬರುವಂಥದ್ದು. ನನ್ನ ಫೋನಿನಲ್ಲಿ ಗೆರೆ ಗಂಟು ಹಾಕಿಕೊಂಡಿತು, ಚಹಾದ ಕಪ್ಪು ಬಲಗೈಗೆ ಹೋಯಿತು. ನಾನು ಫೋನನ್ನು ಆಯಿಯ ಮುಂದೆ ಹಿಡಿದೆ. ಏನು ಎತ್ತ ಎಂದು ಆದಷ್ಟು ಮೆತ್ತಗೆ ಹೇಳಿದೆ.

ಆಯಿ ಫೋನಿನಲ್ಲಿ ಕಂಡ ಗಂಟಿನ ಮೇಲೆ ಬೆರಳಾಡಿಸಿದರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

"ಅಂದ್ರ ಕೂಸಿನ ಭುಜಾ ನಾ ಮುರದೆ ಅಂತೀಯೇನವ್ವಾ?"

"ಹಂಗಲ್ರಿ ಆಯೀ."

"ಹಂಗಽ ಐತಿ. ಮಂದಿ ಮನೀಗೆ ಹೋಗೂ ಹುಡುಗಿ, ನಾಳೆ ಯಾರಾರ ಆಡಿಕೊಂಡಾರು ಅಂತ ತಿದ್ದಿದೆ. ಒಂದಿನಾ ಬಡದಿಲ್ಲ. ಚ್ಚ್ ಅಂದೆ, ಅಷ್ಟಽ."

"ಆಯೀ, ಅದು ನನಗ ಹಾಡಿದಂಗ ಕೇಳಸ್ತಿತ್ತು ಬಿಡು," ಎಂದಳು ನೀಲಾ. ಆಯಿ ಕಣ್ಣೊರೆಸಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈ ಮುಂದೆ ಮಾಡಿದರು. "ತಾ ಇಲ್ಲೆ ಚಾ. ಎಡಗೈಲೆ ತಾ."

ಅವರು ಚಹಾ ತೆಗೆದುಕೊಂಡದ್ದನ್ನು ನೀವು ನೋಡಬೇಕಿತ್ತು. ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಅತ್ತ ತಿರುಗಿಸಿ, ಕೈಗೆ ಚೇಳು ಹಾಕಿಸಿಕೊಳ್ಳುವವರ ಹಾಗೆ. ಗಂಟು ಮೊದಲಿಗಿಂತ ದೊಡ್ಡದಾಗಿ ಬಂತು. ಪೊರೆ ಓದುವುದು ನೀಲಾಳ ಮೈಯನ್ನು, ಆದರೆ ನೀಲಾಳ ಮೈ ಹುಟ್ಟಿದಾಗಿನಿಂದ ಓದಿದ್ದು ಆಯಿಯ ಮುಖವನ್ನು. ಅಲ್ಲಿ ಮೋಸ ನಡೆಯುವಂತಿರಲಿಲ್ಲ. ದೇಸಾಯಿಯವರು ಫೋನಿನಲ್ಲಿ ಬಂದು ಉಪದೇಶ ಮಾಡಿದರು.

"ಆಯೀ, ನಕ್ಕೋತ ತಗೋರಿ."

"ನಕ್ಕೆನಲ್ಲೋ!"

"ಅದು ನಗೂದಲ್ಲ ಆಯೀ, ಹಲ್ಲು ತೋರಸೂದು."

ಅಂದಿನಿಂದ ಆ ಮನೆಯಲ್ಲಿ ಕೊಡುಕೊಳ್ಳುವ ಜಾತ್ರೆಯೇ ಶುರುವಾಯಿತು. ಆಯಿ ಚೌಕಾಸಿ ಮಾಡಿದರು: ಮಜ್ಜಿಗೆ ಎಡಗೈಯಲ್ಲಿ ಆಗಬಹುದು, ಉಪ್ಪು ಆಗಬಹುದು, ಕುಂಕುಮ ಮಾತ್ರ ಸಾಧ್ಯವಿಲ್ಲ. ಚಾಳಿನ ಸಣ್ಣ ಮಕ್ಕಳಿಗೆ ನೀಲಾ ಎಡಗೈಯಲ್ಲಿ ಪೆಪ್ಪರಮೆಂಟು ಹಂಚಿದಳು. ಆ ಮಕ್ಕಳಿಗೆ ಕೈಗಿಂತ ಪೆಪ್ಪರಮೆಂಟೇ ಮುಖ್ಯ. ಎರಡೇ ದಿನದಲ್ಲಿ ಮಕ್ಕಳ ಮುಂದೆ ಗಂಟು ಬಿಚ್ಚಿಹೋಯಿತು. ನೆರೆಯ ಝುಬೇದಾಬಿಯ ಮುಂದೆಯೂ ಸಡಿಲಾಯಿತು. ಆಯಿಯ ಮುಂದೆ ಮಾತ್ರ ಹೋಗಲಿಲ್ಲ. ಆಯಿ ಪಾಪ ಹಗಲೆಲ್ಲ ನಗಲು ಪ್ರಯತ್ನಿಸಿ ದವಡೆ ನೋವು ಬರಿಸಿಕೊಂಡರು.

ಆಯುಧಪೂಜೆಯ ದಿನ ನಾನು ಹೋದಾಗ ನೀಲಾ ಅಂಗಳದಲ್ಲಿ ಹುಟ್ಟುಗಳಿಗೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. ಪೊರೆ ಇನ್ನು ಒಂದೆರಡು ದಿನದಲ್ಲಿ ಬಲಿಯುತ್ತದೆ ಎಂದು ಬೆಳಿಗ್ಗೆಯೇ ಗೋಡೆ ಹೇಳಿತ್ತು. ಆಯಿಯ ಎದುರು ಕೂತು, ಏನು ಮಾಡುವುದೋ ತಿಳಿಯದೆ ಅವರು ರೊಟ್ಟಿ ಬಡಿಯುವುದನ್ನು ಸುಮ್ಮನೆ ನೋಡತೊಡಗಿದೆ. ತಟ್ಟೆ ಮುಂದಿರಲಿಲ್ಲವಾದ್ದರಿಂದ ಈ ಸಲ ಕಣ್ಣು ಕೆಲಸ ಮಾಡಿತು.

"ಆಯೀ, ನಿಮ್ಮ ರೊಟ್ಟಿ ಯಾಕ ಉಲ್ಟಾ ತಿರಗತಾವು?"

ರೊಟ್ಟಿಯ ಮೇಲೆ ಬೀಳುತ್ತಿದ್ದ ಅಂಗೈ ನಿಂತಿತು. ಎಡ ಅಂಗೈ.

ಆಯಿ ಹೊರಗೊಮ್ಮೆ ನೋಡಿ, ಗುಟ್ಟು ಹೇಳುವವರ ಹಾಗೆ ಹೇಳಿದರು: "ಒಲೀ ಮುಂದ ಯಾರ ಬರ್ತಾರವ್ವಾ ನೋಡಾಕ? ರೊಟ್ಟಿ ಬಡಿಯೂದ ಒಂದಽ ಅದಕ್ಕ ಬಿಟ್ಟಿದ್ದು."

ಹೊಸದಾಗಿ ಮದುವೆಯಾಗಿ ಬಂದಾಗ ಒಂದು ದಿನ ಆಯಿ ಪಂಕ್ತಿಯಲ್ಲಿ ಎಡಗೈಯಿಂದ ಹೋಳಿಗೆ ಬಡಿಸಿದ್ದರಂತೆ. ಉಣ್ಣುತ್ತಿದ್ದವರು ಎಲೆ ಬಿಟ್ಟು ಎದ್ದು ಹೋದರಂತೆ. ಅತ್ತೆ ಮರುದಿನದಿಂದ ಎಡಗೈಯನ್ನು ಸೆರಗಿಗೆ ಬಿಗಿದು ಕಟ್ಟಿ ಬಡಿಸಲು ಕಳಿಸಿದರಂತೆ. "ಆ ಎಲಿ ಇನ್ನೂ ಕಣ್ಣಾಗ ಐತಿ. ತುಪ್ಪ ಹಾಕಿದ್ದ ಹೋಳಿಗಿ. ನನ್ನ ಕೂಸಿಗೆ ಅಂಥಾ ದಿನಾ ಬರಬಾರದು ಅಂತ ಚ್ಚ್ ಅಂದೆನವ್ವಾ," ಎಂದರು.

ಬಾಗಿಲಲ್ಲಿ ನೀಲಾ ನಿಂತಿದ್ದಳು, ಕೈತುಂಬ ಕುಂಕುಮ.

"ಆಯೀ! ನೀನೂ ಎಡಚೀನ?"

"ಸಣ್ಣಗ ಮಾತಾಡಽ, ಚಾಳಿಗೆ ಕೇಳಸ್ತೈತಿ."

"ಇಷ್ಟ ವರ್ಷಾ ನನಗ ಚ್ಚ್ ಅನಕೋತ, ಒಳಗ ಕುಂತು ಎಡಗೈಲೆ ರೊಟ್ಟಿ ಬಡಿಯಾಕತ್ತೀದಿ?" ನೀಲಾ ನಗತೊಡಗಿದಳು. ಮೊದಲು ಆಯಿ ಹುಸಿಮುನಿಸು ಮಾಡಿದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಲಿನ ಮೇಲಿನ ರೊಟ್ಟಿ ಒಣಗಿ ಬಿರಿಯಿತು, ಯಾರಿಗೂ ಪರಿವೆಯಿಲ್ಲ.

ಮರುದಿನ ದಸರಾ. ನಮ್ಮ ಕಡೆ ಆ ಸಂಜೆ ಬನ್ನಿ ಕೊಡುವುದೇ ದೊಡ್ಡ ಸಂಭ್ರಮ. ಬನ್ನಿಗಿಡದ ಎಲೆಯೇ ಅಂದು ಬಂಗಾರ. ಸಣ್ಣವರು ದೊಡ್ಡವರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ, ವರ್ಷದ ಜಗಳಗಳೆಲ್ಲ ಅಲ್ಲಿಗೆ ಮುಗಿಯುತ್ತವೆ. ದೇಸಾಯಿಯವರು ಗೋಡೆಯನ್ನು ನಂಬದೆ ತಾವೇ ಜರಿಯಂಚಿನ ಧೋತರ ಉಟ್ಟುಕೊಂಡು ದಾಂಡೇಲಿಗೆ ಬಂದಿದ್ದರು. ಆಯಿ ಇಳಕಲ್ಲ ಸೀರೆಯುಟ್ಟು ಜಗಲಿಯ ಮೇಲೆ ಕೂತಿದ್ದರು. ಚಾಳೆಲ್ಲ ಅಂಗಳದಲ್ಲಿ ನೆರೆದಿತ್ತು.

ನೀಲಾ ಎಲೆ ಹಿಡಿದು ಮುಂದೆ ಬಂದಳು. ಆಯಿ ಕೈಯೆತ್ತಿ ತಡೆದರು.

"ತಡಿ. ಮೊದಲ ನಾ ಕೊಡ್ತೀನಿ."

ದೊಡ್ಡವರು ಮೊದಲು ಕೊಡುವ ಪದ್ಧತಿಯಿಲ್ಲ. ಆಯಿ ತಟ್ಟೆಯಿಂದ ಎಡಗೈಯಲ್ಲಿ ಎಲೆ ತೆಗೆದುಕೊಂಡು ಎಲ್ಲರ ಕಣ್ಣೆದುರು ಚಾಚಿದರು. ಅರ್ಧ ದಾರಿಯಲ್ಲಿ ಆ ಕೈ ತಟಕ್ಕನೆ ನಿಂತಿತು. ಅಲ್ಲಿ ಯಾವ ಬಿಲ್ಲೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ, ಆದರೂ ಆ ಗಂಟು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಮುದಿಗೈ ಹಿಂದೆ ಹೋಗಲಿಲ್ಲ, ಮುಂದೆಯೂ ಬರಲಿಲ್ಲ.

ಆಗ ನೀಲಾಳ ಎಡಗೈ ಚಾಚಿತು. ಯಾರೂ ಹೇಳಲಿಲ್ಲ, ಅವಳೂ ವಿಚಾರ ಮಾಡಲಿಲ್ಲ. ನೀರಿನಲ್ಲಿ ಯಾರೋ ಇದ್ದಾರೆ ಎಂಬಂತೆ ಹೋಗಿ ಆಯಿಯ ಕೈಯನ್ನು ಎಲೆಸಮೇತ ಹಿಡಿದುಕೊಂಡಿತು. ನಾನು ಫೋನು ನೋಡಿದೆ. ಗೆರೆ ಎಲ್ಲಿಯೂ ನಿಂತಿರಲಿಲ್ಲ.

"ಬನ್ನಿ ತಗೊಂಡು ಬಂಗಾರದಂಗ ಇರೂಣವ್ವಾ," ಎಂದರು ಆಯಿ.

"ಬಂಗಾರದಂಗ ಇರೂಣ ಆಯೀ."

ನನಗೆ ಅಳು ಬಂತು. ದೇಸಾಯಿಯವರೂ ಚಷ್ಮಾ ಒರೆಸಿಕೊಂಡರು. ಆಮೇಲೆ ಆಯಿ ಚಾಳಿನ ಒಬ್ಬೊಬ್ಬರನ್ನೇ ಕರೆದು ಎಡಗೈಯಿಂದ ಬನ್ನಿ ಕೊಟ್ಟರು, ಪಕ್ಕದಲ್ಲಿ ನಿಂತು ನೀಲಾಳೂ ಕೊಟ್ಟಳು. ಹಿರಿಯರೊಬ್ಬರು ಮುಖ ಸಿಂಡರಿಸಿದರು, ಆಯಿ ಅವರ ಮುಷ್ಟಿ ಬಿಡಿಸಿ ಎಲೆ ತುರುಕಿ, "ಬಂಗಾರ ಯಾವ ಕೈಲೆ ಬಂದ್ರೇನು, ಬ್ಯಾಡಂತೀಯೇನು?" ಎಂದು ಕೇಳಿದರು. ಅವರಿಗೂ ನಗು ಬಂತು. ದೇಸಾಯಿಯವರು ತಾವೂ ಎಡಗೈಯಿಂದ ಕೊಡಲು ಹೋಗಿ ಎಲೆಗಳನ್ನೆಲ್ಲ ನೆಲಕ್ಕೆ ಚೆಲ್ಲಿದರು. ಶಸ್ತ್ರಕ್ರಿಯೆ ಮಾಡುವವರು ಇವರೇ ಹೌದೇ ಎಂದು ಝುಬೇದಾಬಿ ನನ್ನ ಕಿವಿಯಲ್ಲಿ ಕೇಳಿದಳು. ಕತ್ತಲಾಗುವುದರೊಳಗೆ ನೀಲಾ ಇಡೀ ಚಾಳಿಗೆ, ಬೀದಿಗೆ, ಚಹಾ ಅಂಗಡಿಗೆ ಬನ್ನಿ ಹಂಚಿ ಬಂದಿದ್ದಳು. ಆ ಗೆರೆಯಲ್ಲಿ ಆಮೇಲೆ ಗಂಟು ಕಾಣಲಿಲ್ಲ. ಪೊರೆ ಮರುದಿನವೇ ಬಲಿಯಿತು.

ಕಾರ್ತಿಕದಲ್ಲಿ ಪರೀಕ್ಷೆ. ಕಾಳಿ ನದಿ ಮಳೆಗಾಲದ ಕೆಂಪು ಕಳೆದುಕೊಂಡು ಹಸಿರಾಗಿತ್ತು. ಬಂಡೆಗಳ ಕೆಳಗೆ ನೀರು ತುಸು ಶಾಂತವಾಗುವ ಜಾಗದಲ್ಲಿ ರಾಫ್ಟು ನಿಂತಿತ್ತು, ದಂಡೆಯ ಮೇಲೆ ಅಧಿಕಾರಿಗಳು ಕೂತಿದ್ದರು. ನೀರಿಗಿಳಿದು ಮುಳುಗುವವರ ಪಾತ್ರ ಮಾಡಲು ಪ್ರತಿಯೊಬ್ಬರೂ ತಮ್ಮ ಕಡೆಯವರೊಬ್ಬರನ್ನು ಕರೆತರಬೇಕಿತ್ತು. ನೀಲಾ ನನ್ನನ್ನು ಕೇಳಿದ್ದಳು, ನಾನು ಆಗಲಿ ಅಂದಿದ್ದೆ. ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ನೀರಿನ ಅಂಚಿಗೆ ಬಂದ ಮೇಲೆ ಅದರ ಪಟ್ಟಿಗಳನ್ನು ಮತ್ತೆ ಮತ್ತೆ ಬಿಗಿದುಕೊಳ್ಳುತ್ತ ಅಲ್ಲೇ ನಿಂತೆ.

"ತಗೀ ಅದನ್ನ," ಎಂದಿತು ಹಿಂದಿನಿಂದ ಒಂದು ದನಿ.

ಆಯಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದರು. ನನ್ನ ಮೈಮೇಲಿನ ಜಾಕೀಟು ಬಿಚ್ಚಿ ತಾವು ತೊಟ್ಟರು. ಅಧಿಕಾರಿಗಳು ಎದ್ದು ನಿಂತು, ಅಜ್ಜಿ, ವಯಸ್ಸು, ನಿಯಮ ಎಂದೇನೋ ಹೇಳಿದರು. "ಮುಳುಗೂದಕ್ಕೂ ವಯಸ್ಸಿನ ನಿಯಮ ಐತೇನಪಾ?" ಎಂದು ಕೇಳಿ, ಅವರು ಉತ್ತರ ಹುಡುಕುವುದರೊಳಗೆ ಆಯಿ ನೀರಿಗಿಳಿದೇಬಿಟ್ಟರು.

ಜಾಕೀಟು ಅವರನ್ನು ಖಾಲಿ ಕೊಡದ ಹಾಗೆ ತೇಲಿಸಿತು. ನೀಲಾ ರಾಫ್ಟು ತಿರುಗಿಸಿಕೊಂಡು ಹತ್ತಿರ ಬಂದು ಬಾಗಿದಳು. ದಂಡೆಯ ಮೇಲೆ ದೊಡ್ಡವರು ನೋಡುತ್ತಿದ್ದಾರೆ, ನೀರಿನಲ್ಲಿ ಇರುವುದು ಆಯಿ. ಹಳೆಯ ಮರ್ಯಾದೆ ಒಂದು ಗಳಿಗೆ ತಲೆಯೆತ್ತಿತು. ಅವಳ ಬಲಗೈ ಮುಂದೆ ಬಂತು.

ಆಯಿ ಆ ಕೈಯನ್ನು ಪಟ್ಟನೆ ಆಚೆಗೆ ತಳ್ಳಿದರು.

"ಚ್ಚ್! ಎಡಗೈ ಕೊಡಽ!"

ದಂಡೆಯ ಮೇಲೆ ಎಲ್ಲರಿಗೂ ಕೇಳಿಸಿತು. ನೀಲಾ ನಕ್ಕಳು. ನಗುತ್ತಲೇ ಎಡಗೈ ಚಾಚಿ ಜಾಕೀಟಿನ ಹೆಗಲು ಹಿಡಿದು ಒಂದೇ ಸೆಳೆತಕ್ಕೆ ಎತ್ತಿದಳು. ಇಬ್ಬರೂ ರಾಫ್ಟಿನೊಳಗೆ ದೊಪ್ಪನೆ ಬಿದ್ದರು, ಆಯಿ ಮೇಲೆ, ನೀಲಾ ಕೆಳಗೆ. ಭುಜ ಇದ್ದಲ್ಲೇ ಇತ್ತು. ನನ್ನ ಕೈಯಲ್ಲಿ ಫೋನಿತ್ತು, ಗೆರೆ ನೋಡುವ ನೆನಪೇ ನನಗಾಗಲಿಲ್ಲ.

ಪಾಸು ಎಂದು ಅಧಿಕಾರಿಗಳು ಕೂಗಿದರು. ಆಯಿ ಎದ್ದು ಕೂತು, ಒದ್ದೆ ಸೆರಗು ಹಿಂಡಿಕೊಂಡು, ದಂಡೆಯತ್ತ ತಿರುಗಿ ಎಡಗೈಯೆತ್ತಿ ಬೀಸಿದರು.

"ತಡೀರಿ, ಅಷ್ಟ ಲಗೂನ ಬರಕೋಬ್ಯಾಡ್ರಿ. ಇನ್ನೊಮ್ಮೆ ಬೀಳ್ತೀನಿ!"